ಜೀವವಿಜ್ಞಾನದಲ್ಲಿ ಎಂ.ಎಸ್ಸಿ.: ತಾಳಗುಂದದ ಕಡೆಯಿಂದ ಹೊರಟವರಿಗೆ

ಪದವಿಯ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ ಕಡೆಯ ಮಕ್ಕಳು ಮೇಷ್ಟ್ರ ಹತ್ತಿರ ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ಬಯಾಲಜಿಯಲ್ಲಿ ಎಂ.ಎಸ್ಸಿ. ಮಾಡ್ಬೇಕು ಅಂತಿದೀನಿ. ಯಾವ ಸಬ್ಜೆಕ್ಟ್ ತಗೊಳ್ಲಿ?" ಕೇಳುವವರಲ್ಲಿ ಎಷ್ಟೋ ಜನ ತಮ್ಮ ಮನೆಯಿಂದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವ ಮೊದಲಿಗರು. ಅಪ್ಪ ಅಮ್ಮನಿಗೆ ಶುಂಠಿ, ಮೆಕ್ಕೆಜೋಳ, ಅಡಿಕೆಯ ಲೆಕ್ಕ ಚೆನ್ನಾಗಿ ಗೊತ್ತು. ಸೆಮಿಸ್ಟರ್, ಕ್ರೆಡಿಟ್, ಫೆಲೋಶಿಪ್ಪಿನ ಲೆಕ್ಕ ಹೇಳಿಕೊಡುವವರು ಮನೆಯಲ್ಲಿ ಇರುವುದಿಲ್ಲ. ಅಂಥವರನ್ನು ಎದುರಿಗೆ ಕೂರಿಸಿಕೊಂಡು ಹೇಳಿದ ಹಾಗೆ ಇದನ್ನು ಬರೆಯುತ್ತಿದ್ದೇನೆ. ಒಂದೇ ಸಲಕ್ಕೆ ಎಲ್ಲವೂ ತಲೆಗೆ ಹೋಗಬೇಕಿಲ್ಲ, ಬೇಕಾದಾಗ ತಿರುಗಿ ನೋಡಿಕೊಳ್ಳಿ.

ಹೆಚ್ಚಿನ ಓದಿಗೆ ಊರು ಬಿಟ್ಟು ಹೋಗುವುದು ಈ ಸೀಮೆಗೆ ಹೊಸದಲ್ಲ. ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಮುಂದಿರುವ ಕಂಬವನ್ನು ನೀವು ನೋಡಿದ್ದೀರಿ. ಕುಬ್ಜನೆಂಬ ಕವಿ ಬರೆದ ಆ ಸಂಸ್ಕೃತ ಶಾಸನದಲ್ಲಿ ಮಯೂರಶರ್ಮ ಗುರು ವೀರಶರ್ಮನೊಂದಿಗೆ ಪಲ್ಲವರ ಕಂಚಿಗೆ, ಅಲ್ಲಿಯ ಘಟಿಕೆಗೆ ಓದಲು ಹೋದ ಸಂಗತಿ ಇದೆ. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾದದ್ದು, ಓದು ಬಿಟ್ಟು ಕತ್ತಿ ಹಿಡಿದದ್ದು, ಕದಂಬ ರಾಜ್ಯ ಹುಟ್ಟಿದ್ದು ಎಲ್ಲರಿಗೂ ಗೊತ್ತು. ಆದರೆ ಆ ಶಾಸನವನ್ನು ಬರೆಸಿದ್ದು ಯಾತಕ್ಕೆ ಎಂಬುದನ್ನು ಕೇಳುವವರು ಕಡಿಮೆ. ಕಾಕುಸ್ಥವರ್ಮ ಆ ದೇವಾಲಯಕ್ಕೆಂದು ಒಂದು ಕೆರೆ ಕಟ್ಟಿಸಿದ. ಅದನ್ನು ದಾಖಲಿಸಲು ಅವನ ಮಗ ಶಾಂತಿವರ್ಮ ಶಾಸನ ಹಾಕಿಸಿದ. ಇತಿಹಾಸದ ವಿದ್ಯಾರ್ಥಿಗೆ ಅದರಲ್ಲಿ ರಾಜವಂಶ ಕಾಣುತ್ತದೆ. ಜೀವವಿಜ್ಞಾನದ ವಿದ್ಯಾರ್ಥಿಗೆ ಕೆರೆ ಕಾಣಬೇಕು. ಕೆರೆಯ ವಿಷಯಕ್ಕೆ ಮುಂದೆ ಬರುತ್ತೇನೆ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ಪಿಯುಸಿಯಲ್ಲಿ 'ಬಯಾಲಜಿ' ಎಂದು ಒಂದೇ ಪುಸ್ತಕ ಓದಿದಿರಿ. ಬಿ.ಎಸ್ಸಿ.ಯಲ್ಲಿ ಅದು ಬಾಟನಿ, ಜುವಾಲಜಿ ಎಂದು ಎರಡಾಯಿತು. ಎಂ.ಎಸ್ಸಿ.ಗೆ ಬರುವಾಗ ಇನ್ನಷ್ಟು ಕವಲಾಗುತ್ತದೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬರೀ 'ಜೀವಶಾಸ್ತ್ರ' ಎಂಬ ಹೆಸರಿನ ಸ್ನಾತಕೋತ್ತರ ಪದವಿ ಅಪರೂಪ. ನಮಗೆ ಹತ್ತಿರದ್ದು ಕುವೆಂಪು ವಿಶ್ವವಿದ್ಯಾಲಯ. 1987ರಲ್ಲಿ ಆರಂಭವಾದ ಇದರ ಮುಖ್ಯ ಆವರಣ 'ಜ್ಞಾನ ಸಹ್ಯಾದ್ರಿ' ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದೆ. ಶಿವಮೊಗ್ಗದಿಂದ ಸುಮಾರು 28 ಕಿ.ಮೀ. ದೂರ, ಭದ್ರಾ ಜಲಾಶಯದ ಹತ್ತಿರ, ಕಾಡಿನ ಮಗ್ಗುಲಲ್ಲೇ. ಅಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಜೈವಿಕ ತಂತ್ರಜ್ಞಾನ, ಸೂಕ್ಷ್ಮಜೀವಶಾಸ್ತ್ರ, ಜೀವರಸಾಯನಶಾಸ್ತ್ರ, ಪರಿಸರ ವಿಜ್ಞಾನ, ವನ್ಯಜೀವಿ ನಿರ್ವಹಣೆ ಹೀಗೆ ಬೇರೆ ಬೇರೆ ವಿಭಾಗಗಳಿವೆ. ಹುಡುಗರ ಬಾಯಲ್ಲಿ ಇವೇ ಬಯೋಟೆಕ್, ಮೈಕ್ರೋ, ಬಯೋಕೆಮ್, ಎನ್ವಿರಾನ್ಮೆಂಟ್.

ಇಷ್ಟು ಬಾಗಿಲು ಒಟ್ಟಿಗೆ ತೆರೆದಿದ್ದರೆ ಯಾವುದರೊಳಗೆ ಹೋಗುವುದು? ಪಟ್ಟಿ ಹಿಡಿದು 'ಇದಕ್ಕೆ ಸ್ಕೋಪ್ ಇದೆ, ಅದಕ್ಕಿಲ್ಲ' ಎಂದು ಲೆಕ್ಕ ಹಾಕುವುದು ರೂಢಿ. ನಾನು ಇನ್ನೊಂದು ದಾರಿ ಹೇಳುತ್ತೇನೆ. ಜೀವವಿಜ್ಞಾನ ನಿಜವಾಗಿ ಹೇಗೆ ನಡೆಯುತ್ತದೆಂದು ಒಂದು ಉದಾಹರಣೆಯಲ್ಲಿ ನೋಡಿ, ಆಮೇಲೆ ಆರಿಸಿಕೊಳ್ಳಿ. ಉದಾಹರಣೆಗೆ ದೂರ ಹೋಗಬೇಕಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರಿದೆ.

ಜಗತ್ತಿನ ಯಾವ ದೇಶದಲ್ಲಿ ವೈರಾಣುಗಳ ಪಠ್ಯಪುಸ್ತಕ ತೆರೆದರೂ ಈ ಊರಿನ ಹೆಸರು ಸಿಗುತ್ತದೆ. 1957ರ ಬೇಸಿಗೆಯಲ್ಲಿ ಕ್ಯಾಸನೂರು ಸುತ್ತಿನ ಕಾಡುಗಳಲ್ಲಿ ಮಂಗಗಳು ಸಾಯುತ್ತಿದ್ದವು. ಅದೇ ಹೊತ್ತಿಗೆ ಕಾಡಂಚಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಪುಣೆಯಲ್ಲಿ ಆಗ ವೈರಸ್ ಸಂಶೋಧನಾ ಕೇಂದ್ರವಿತ್ತು. ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಅಲ್ಲಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರ ತಂಡ ಬಂತು. ಅವರಿಗೆ ಮೊದಲು ಹುಟ್ಟಿದ ಆತಂಕ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದಲ್ಲಿ ಕಾಡಿನ ಮಂಗಗಳು ಸಾಯತೊಡಗಿದರೆ ಹಳದಿ ಜ್ವರ ಬಂತೆಂದೇ ಅರ್ಥ. ಏಷ್ಯಾದಲ್ಲಿ ಆ ರೋಗವೇ ಇರಲಿಲ್ಲ. ಇಲ್ಲಿಗೆ ಬಂದಿದ್ದರೆ ಅನಾಹುತವಾಗುತ್ತಿತ್ತು. ಆದರೆ ಪ್ರಯೋಗಾಲಯದಲ್ಲಿ ಸಿಕ್ಕಿದ ವೈರಾಣು ಹಳದಿ ಜ್ವರದ್ದಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡಿ ಮಿದುಳುರಿತ ತರುವ ವೈರಾಣುಗಳ ಬಳಗಕ್ಕೆ ಅದು ಸೇರಿತ್ತು, ಆದರೂ ಹೊಸದು. ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂಬ ಹೆಸರು ನಿಂತಿತು. ನಮ್ಮ ಜನ ಹೇಳುವ ಮಂಗನ ಕಾಯಿಲೆ ಇದೇ.

ಈಗ ನಿಧಾನವಾಗಿ ಒಂದೊಂದೇ ಎಳೆ ಹಿಡಿಯಿರಿ. ಸಾಯುತ್ತಿದ್ದವು ಎರಡು ಜಾತಿ: ಊರಿಗೆ ನುಗ್ಗುವ ಕೆಂಪು ಮುಖದ ಕೋತಿ, ಕಪ್ಪು ಮುಖದ ಉದ್ದ ಬಾಲದ ಮುಸಿಯ. ರೋಗ ಹರಡುತ್ತಿದ್ದದ್ದು ಉಣುಗು, ಅದರಲ್ಲೂ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ. ಉಣುಗಿನ ಬದುಕನ್ನು ಹತ್ತಿರದಿಂದ ನೋಡಿದರೆ ಅರ್ಧ ಒಗಟು ಬಿಡುತ್ತದೆ. ಮೊಟ್ಟೆಯೊಡೆದು ಬರುವ ಲಾರ್ವಾಗೆ ಆರೇ ಕಾಲು. ಅದು ಇಲಿ, ಮೂಗಿಲಿ, ನೆಲದ ಮೇಲೆ ಓಡಾಡುವ ಹಕ್ಕಿಗಳ ರಕ್ತ ಕುಡಿದು ಉದುರಿ ಪೊರೆ ಕಳಚುತ್ತದೆ. ಆಗ ಅದಕ್ಕೆ ಎಂಟು ಕಾಲು, ಸಾಸಿವೆಗಿಂತ ಸಣ್ಣ ಗಾತ್ರ. ಈ ಮರಿಹಂತಕ್ಕೆ ನಿಂಫ್ ಎನ್ನುತ್ತಾರೆ. ಡಿಸೆಂಬರಿನಿಂದ ಮೇವರೆಗೆ ಒಣ ತರಗೆಲೆಯ ಮೇಲೆ ಕಾದಿರುವುದು ಇದೇ. ಮಂಗಕ್ಕೂ ಮನುಷ್ಯನಿಗೂ ಹತ್ತುವುದು ಇದೇ. ದೊಡ್ಡದಾದ ಉಣುಗಿಗೆ ದೊಡ್ಡ ಮೈ ಬೇಕು, ಹಾಗಾಗಿ ದನವನ್ನು ಹಿಡಿಯುತ್ತದೆ. ದನಕ್ಕೆ ಕಾಯಿಲೆ ಬರುವುದಿಲ್ಲ. ಆದರೆ ಅದರ ರಕ್ತ ಕುಡಿದ ಹೆಣ್ಣುಣುಗು ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆ ಇಡುತ್ತದೆ. ದರಗು ಒಟ್ಟಲು, ಸೌದೆ ತರಲು, ದನ ಮೇಯಿಸಲು ಜನ ಕಾಡಿಗೆ ಹೋಗುವ ತಿಂಗಳುಗಳೂ ನಿಂಫ್ ಕಾದಿರುವ ತಿಂಗಳುಗಳೂ ಒಂದೇ ಆಗಿರುವುದೇ ನಮ್ಮ ಕಷ್ಟ. ಜೋರ್ಜೆ ಬೊಶೆಲ್ ಎಂಬ ವಿಜ್ಞಾನಿ 1969ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನೇ ಇನ್ನೂ ಹಿಗ್ಗಿಸಿ ನೋಡಿದರು: ಕಾಡು ಕಡಿದು ಗದ್ದೆ ಹಬ್ಬಿತು, ಜನ ಹೆಚ್ಚಿದರು, ದನಗಳು ಕಾಡಿನೊಳಗೆ ಮೇಯತೊಡಗಿದವು, ಉಣುಗು ಹೆಚ್ಚಿತು. ರೋಗದ ಬೇರು ವೈರಾಣುವಿನೊಳಗೆ ಮಾತ್ರ ಇಲ್ಲ, ನೆಲದ ಬಳಕೆಯಲ್ಲೂ ಇದೆ ಎಂಬುದು ಅವರ ವಾದ.

ಇದು ಹಳೆಯ ಕಥೆಯಾಗಿ ಮುಗಿದಿಲ್ಲ. 2019ರ ಬೇಸಿಗೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತರು. ಸೋಂಕು ತಗುಲಿದ ನೂರು ಮಂದಿಯಲ್ಲಿ ಮೂವರಿಂದ ಐವರು ಸಾಯುವ ಕಾಯಿಲೆ ಇದು. ವರ್ಷಗಟ್ಟಲೆ ಕೊಟ್ಟ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು, ಹೊಸದರ ಕೆಲಸ ನಡೆಯುತ್ತಿದೆ. ನಮ್ಮೂರ ಹೆಸರಿನ ರೋಗಕ್ಕೆ ನಮ್ಮೂರ ಮಕ್ಕಳೇ ಕೆಲಸ ಮಾಡುವ ದಿನ ಬರಬೇಕೆಂಬ ಆಸೆ ನನಗೆ ಬಹಳ ಇದೆ, ಮುಚ್ಚಿಡುವುದಿಲ್ಲ.

ಈಗ ನಿಮ್ಮನ್ನೇ ಕೇಳಿಕೊಳ್ಳಿ. ಮೇಲಿನದನ್ನು ಓದುವಾಗ ಯಾವ ಜಾಗದಲ್ಲಿ ಮನಸ್ಸು ನಿಂತಿತು? ಆರು ಕಾಲಿನ ಮರಿ ಎಂಟು ಕಾಲಿನದಾಗುವ ವಿಷಯದಲ್ಲಿ ನಿಂತಿದ್ದರೆ ನಿಮ್ಮ ಮನೆ ಪ್ರಾಣಿಶಾಸ್ತ್ರ. ವೈರಾಣು ಜೀವಕೋಶದೊಳಗೆ ಹೊಕ್ಕು ಏನು ಮಾಡುತ್ತದೆ ಎಂದು ಕುತೂಹಲ ಬಂದಿದ್ದರೆ ಸೂಕ್ಷ್ಮಜೀವಶಾಸ್ತ್ರ. ಕೆಲವರ ಕಾಯಿಲೆ ವಾಸಿಯಾಗಿ ಕೆಲವರದ್ದು ಯಾಕೆ ಬಿಗಡಾಯಿಸುತ್ತದೆ, ರಕ್ತದಲ್ಲಿ ಯಾವ ಪ್ರೋಟೀನು ಏರಿತು ಇಳಿಯಿತು ಎಂಬುದಾದರೆ ಜೀವರಸಾಯನಶಾಸ್ತ್ರ. ಒಂದು ಹನಿ ರಕ್ತದಲ್ಲಿ ವೈರಾಣುವಿನ ಆರ್‌ಎನ್‌ಎ ಪತ್ತೆ ಹಚ್ಚುವುದು, ಲಸಿಕೆ ತಯಾರಿಸುವುದು ಬಯೋಟೆಕ್‌ನವರ ಕೆಲಸ. ಸೊರಬದ ಕಾನುಗಳಲ್ಲಿ ಯಾವ ಮರ ಉಳಿದಿದೆ, ಕಾನಿನ ಅಂಚಿಗೆ ಲಂಟಾನ ಯಾಕೆ ಹಬ್ಬಿತು ಎಂದು ಕೇಳುವವರು ಸಸ್ಯಶಾಸ್ತ್ರಕ್ಕೆ ಹೋಗಿ. ಗದ್ದೆ, ದನ, ಕಾಡು, ಜನ ಎಲ್ಲ ಸೇರಿದ ಚಿತ್ರ ಬೇಕೆನಿಸಿದರೆ ಪರಿಸರ ವಿಜ್ಞಾನ. ಮುಸಿಯಗಳ ಗುಂಪಿನ ಹಿಂದೆ ದಿನವಿಡೀ ನಡೆಯಲು ಸಿದ್ಧವಿದ್ದರೆ ವನ್ಯಜೀವಿ. ಇವುಗಳ ನಡುವಿನ ಗೋಡೆ ಗಟ್ಟಿಯದೇನಲ್ಲ. ಪ್ರಾಣಿಶಾಸ್ತ್ರ ಓದಿದವರು ಆಮೇಲೆ ವೈರಾಣುವಿನ ಮೇಲೆ ಪಿಎಚ್.ಡಿ. ಮಾಡುವುದುಂಟು. ಆದರೆ ಎರಡು ವರ್ಷ ಮನಸ್ಸಿಟ್ಟು ಓದಲು ಒಂದು ಪ್ರಶ್ನೆ ಕೈಯಲ್ಲಿರಬೇಕು. ಬರೀ ಹೆಸರಿನ ಹೊಳಪು ಸಾಲದು.

ಹೆಸರಿನ ಹೊಳಪು ಎಂದದ್ದು ಸುಮ್ಮನಲ್ಲ. ಬಾಟನಿ ಹಳೆಯದು, ಬಯೋಟೆಕ್ ಹೊಸದು, ಹೊಸದಕ್ಕೇ ಕೆಲಸ ಎಂಬ ನಂಬಿಕೆ ಇನ್ನೂ ಇದೆ. ಸಸ್ಯಶಾಸ್ತ್ರ ಹಳೆಯದಾಯಿತು ಎನ್ನುವವರಿಗೆ ಅಡಿಕೆಯ ಕೊಳೆರೋಗದ ವಿಷಯ ಹೇಳುತ್ತೇನೆ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಮಲೆನಾಡಿನ ತೋಟಗಳಲ್ಲಿ ಕೂತು ಆ ರೋಗಕ್ಕೆ ಕಾರಣ ಫೈಟಾಫ್ತೊರಾ ಎಂದು ತೋರಿಸಿದರು, 1910ರಲ್ಲಿ ಅದನ್ನು ಪ್ರಕಟಿಸಿದರು, ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಹೇಳಿಕೊಟ್ಟರು. ಇಂದಿಗೂ ಮಳೆಗಾಲಕ್ಕೆ ಮೊದಲು ನಮ್ಮ ತೋಟಗಳಲ್ಲಿ ಕೊನೆಗಾರರು ಮರ ಹತ್ತಿ ಹೊಡೆಯುವ ಔಷಧಿ ಅದೇ. ರೋಗ ಇನ್ನೂ ಹೋಗಿಲ್ಲ. ಶುಂಠಿಯ ಕೊಳೆ ಬಂದು ಎಕರೆಗಟ್ಟಲೆ ನೆಲ ಹಾಳಾಗುವುದನ್ನು ಶಿಕಾರಿಪುರ, ಸೊರಬದವರಿಗೆ ನಾನು ಹೇಳಬೇಕಿಲ್ಲ. ಕೆಲಸ ಇಲ್ಲದ ವಿಷಯವಲ್ಲ ಸಸ್ಯಶಾಸ್ತ್ರ.

ಇನ್ನು ಎರಡು ವರ್ಷ ಒಳಗೆ ಏನು ನಡೆಯುತ್ತದೆ? ನಾಲ್ಕು ಸೆಮಿಸ್ಟರ್. ಒಂದೊಂದರಲ್ಲೂ ಕೆಲವು ಕಡ್ಡಾಯ ಪತ್ರಿಕೆಗಳು, ಆರಿಸಿಕೊಳ್ಳುವ ಕೆಲವು, ಬೇರೆ ವಿಭಾಗಕ್ಕೆ ಹೋಗಿ ಕೇಳುವ ಒಂದು. ಪ್ರಾಕ್ಟಿಕಲ್, ಸೆಮಿನಾರ್, ಇಂಟರ್ನಲ್ ಟೆಸ್ಟ್. ಮೊದಲ ಸೆಮಿಸ್ಟರಿನಲ್ಲಿ ಎಲ್ಲರಿಗೂ ಉಸಿರು ಕಟ್ಟುತ್ತದೆ. ಯಾಕೆಂದರೆ ಪದವಿಯ ಮೂರು ವರ್ಷದಲ್ಲಿ ಬಂದಷ್ಟು ವಿಷಯ ಇಲ್ಲಿ ಕೆಲವೇ ತಿಂಗಳಲ್ಲಿ ಬರುತ್ತದೆ, ಅದೂ ಇಂಗ್ಲಿಷಿನಲ್ಲಿ. ಎರಡನೆಯದಕ್ಕೆ ಉಸಿರು ಹತೋಟಿಗೆ ಬರುತ್ತದೆ. ಬಹುತೇಕ ಕಡೆ ಕೊನೆಯ ಹಂತದಲ್ಲಿ ಪ್ರಾಜೆಕ್ಟ್ ಇರುತ್ತದೆ: ಮಾರ್ಗದರ್ಶಕರ ಕೈಕೆಳಗೆ ನೀವೇ ಒಂದು ಪ್ರಶ್ನೆ ಹಿಡಿದು ಕೆಲಸ ಮಾಡಿ ಪ್ರಬಂಧ ಒಪ್ಪಿಸುವುದು. ಎಂ.ಎಸ್ಸಿ.ಯ ತಿರುಳು ಇದೇ ಎಂದು ನಾನು ನಂಬಿದ್ದೇನೆ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಕೆರೆಗೆ ಬರೋಣ. ತಾಳಗುಂದದ್ದೇ ಆಗಬೇಕಿಲ್ಲ, ನಿಮ್ಮೂರಿನ ಯಾವ ಕೆರೆಯೂ ಆದೀತು. ಪ್ರಶ್ನೆ ಸರಳ: ಈ ನೀರಿನಲ್ಲಿ ಮೀನು ಉಸಿರಾಡುವಷ್ಟು ಆಮ್ಲಜನಕ ಇದೆಯೇ? ಇದನ್ನು ಅಳೆಯುವ ವಿಧಾನವನ್ನು ಹಂಗೇರಿಯ ಲಾಯೊಶ್ ವಿಂಕ್ಲರ್ 1888ರಲ್ಲಿ ಕೊಟ್ಟರು, ಇವತ್ತಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಗಾಜಿನ ಬಿರಡೆಯ ಬಾಟಲಿಯನ್ನು ನೀರಿನೊಳಗೆ ಮುಳುಗಿಸಿ ಒಂದು ಗುಳ್ಳೆಯೂ ಉಳಿಯದಂತೆ ತುಂಬಿಸಬೇಕು. ಗುಳ್ಳೆ ಉಳಿದರೆ ಗಾಳಿಯ ಆಮ್ಲಜನಕವೂ ಲೆಕ್ಕಕ್ಕೆ ಸೇರಿ ಎಲ್ಲ ಕೆಡುತ್ತದೆ. ಕೆರೆಯ ದಂಡೆಯಲ್ಲೇ ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಹಿಂದೆಯೇ ಕ್ಷಾರೀಯ ಅಯೊಡೈಡ್ ದ್ರಾವಣ ಹಾಕಿ, ಬಿರಡೆ ಮುಚ್ಚಿ ತಲೆಕೆಳಗು ಮಾಡಿ ಅಲುಗಿಸಿ. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಕಟ್ಟುತ್ತದೆ, ಇಲ್ಲದಿದ್ದರೆ ಬಿಳಿಯಾಗಿಯೇ ಉಳಿಯುತ್ತದೆ. ಗಸಿ ತಳಕ್ಕೆ ಕೂತ ಮೇಲೆ ಗಂಧಕಾಮ್ಲ ಬಿಟ್ಟರೆ ಅದು ಕರಗಿ ದ್ರಾವಣ ಹಳದಿಯಾಗುತ್ತದೆ. ಆ ಹಳದಿ ಅಯೋಡಿನ್ನಿನದು, ನೀರಿನಲ್ಲಿ ಎಷ್ಟು ಆಮ್ಲಜನಕವಿತ್ತೋ ಅದಕ್ಕೆ ಸರಿಯಾಗಿ ಅಷ್ಟೇ ಅಯೋಡಿನ್ ಬಿಡುಗಡೆಯಾಗಿರುತ್ತದೆ. ಬ್ಯುರೆಟ್ಟಿನಿಂದ ಸೋಡಿಯಂ ಥಯೋಸಲ್ಫೇಟ್ ಹನಿ ಹನಿಯಾಗಿ ಬಿಡಿ. ಹಳದಿ ತೆಳುವಾದಾಗ ಗಂಜಿಯ ದ್ರಾವಣ ಸೇರಿಸಿದರೆ ಗಾಢ ನೀಲಿ. ಮತ್ತೆ ಹನಿ ಬಿಡುತ್ತ ಹೋದರೆ ಒಂದು ಹನಿಗೆ ನೀಲಿ ಪೂರ್ತಿ ಮಾಯವಾಗುತ್ತದೆ. ಅಲ್ಲಿ ನಿಲ್ಲಿಸಿ, ಬ್ಯುರೆಟ್ಟಿನ ಅಳತೆ ಓದಿ.

ಬಿ.ಎಸ್ಸಿ.ಯಲ್ಲಾದರೆ ಆ ಅಂಕಿಯನ್ನು ರೆಕಾರ್ಡಿನಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಮುಗಿಯಿತು. ಎಂ.ಎಸ್ಸಿ. ಅಲ್ಲಿಂದ ಮುಂದೆ ಶುರುವಾಗುತ್ತದೆ. ನೀವು ನೀರು ತೆಗೆದದ್ದು ಎಷ್ಟು ಗಂಟೆಗೆ? ರಾತ್ರಿಯಿಡೀ ಕೆರೆಯ ಗಿಡ, ಪಾಚಿ, ಮೀನು, ಬ್ಯಾಕ್ಟೀರಿಯಾ ಎಲ್ಲವೂ ಉಸಿರಾಡಿ ಆಮ್ಲಜನಕ ಖರ್ಚು ಮಾಡಿರುತ್ತವೆ. ಹಾಗಾಗಿ ಬೆಳಗಿನ ಜಾವ ಅತಿ ಕಡಿಮೆ. ಬಿಸಿಲೇರಿ ಪಾಚಿ ದ್ಯುತಿಸಂಶ್ಲೇಷಣೆ ನಡೆಸಿದ ಮೇಲೆ ಮಧ್ಯಾಹ್ನ ಅತಿ ಹೆಚ್ಚು. ಮಧ್ಯಾಹ್ನ ಹನ್ನೆರಡಕ್ಕೆ ಅಳೆದು 'ಕೆರೆ ಆರೋಗ್ಯವಾಗಿದೆ' ಎಂದು ಬರೆದರೆ ಮುಂಜಾನೆ ಮೀನು ಬಾಯಿ ತೆರೆದು ಮೇಲೆ ಬಂದದ್ದು ನಿಮ್ಮ ಪ್ರಬಂಧದಲ್ಲಿ ಇರುವುದೇ ಇಲ್ಲ. ತೆಗೆದದ್ದು ಎಲ್ಲಿಂದ? ಹೊಲದ ಗೊಬ್ಬರ ತೊಳೆದು ಬರುವ ಹಳ್ಳದ ಬಾಯಿಂದಲೇ, ಕೋಡಿಯ ಹತ್ತಿರದಿಂದಲೇ? ಎಷ್ಟು ಸಲ? ಮಳೆಗೆ ಮೊದಲೇ, ನಂತರವೇ? ಎರಡು ಜಾಗದ ಅಂಕಿ ಬೇರೆಯಾದರೆ ಆ ವ್ಯತ್ಯಾಸ ನಿಜವೇ, ಆಕಸ್ಮಿಕವೇ? ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳುವುದು ಸಂಖ್ಯಾಶಾಸ್ತ್ರ. ಲೆಕ್ಕ ಬೇಡವೆಂದೇ ಬಯಾಲಜಿಗೆ ಬಂದವರು ಅದಕ್ಕೆ ಹೆದರುತ್ತಾರೆ. ಸರಾಸರಿ, ವಿಚಲನೆ, ಟಿ-ಪರೀಕ್ಷೆ, ಇಷ್ಟನ್ನು ಮೊದಲ ಸೆಮಿಸ್ಟರಿನಲ್ಲೇ ಕೈವಶ ಮಾಡಿಕೊಂಡರೆ ಮುಂದೆ ಯಾವ ವಿಭಾಗದಲ್ಲೂ ನೀವು ಹಿಂದೆ ಬೀಳುವುದಿಲ್ಲ.

ಪ್ರಾಜೆಕ್ಟ್ ವಿಷಯದಲ್ಲಿ ಕಟುವಾಗಿ ಒಂದು ಮಾತು. ಹಳೆಯ ಪ್ರಬಂಧದ ಹೆಸರು ಬದಲಿಸಿ ಜೆರಾಕ್ಸ್ ಅಂಗಡಿಯಲ್ಲಿ ಬೈಂಡ್ ಮಾಡಿಸಿ ಒಪ್ಪಿಸುವ ಚಾಳಿ ಇದೆ. ಅದನ್ನು ಮಾಡಬೇಡಿ. ಸಿಕ್ಕಿಬೀಳುತ್ತೀರಿ ಎಂಬುದು ಸಣ್ಣ ಕಾರಣ. ಹಾಗೆ ಮಾಡಿದವರಿಗೆ ಎರಡು ವರ್ಷ ಕಳೆದೂ ಸ್ವಂತವಾಗಿ ಒಂದು ಅಂಕಿ ಹುಟ್ಟಿಸಿದ ಅನುಭವ ಇರುವುದಿಲ್ಲ, ಸಂದರ್ಶನದಲ್ಲಿ ಮೊದಲು ಕೇಳುವುದೇ ಪ್ರಾಜೆಕ್ಟನ್ನು. ಕಿರಿದಾದ, ನಿಮ್ಮದೇ ಆದ ಪ್ರಶ್ನೆ ಸಾಕು. ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಬಿಳಿ ಕೆಂಬರಲುಗಳು ಯಾವ ಮರದ ಯಾವ ಎತ್ತರದಲ್ಲಿ ಗೂಡು ಕಟ್ಟುತ್ತವೆ ಎಂದು ಒಂದು ಹಂಗಾಮು ಎಣಿಸಿದರೂ ಅದು ಕೆಲಸವೇ. ಪಕ್ಕದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾತ್ರಿ ಹೊತ್ತು ತೊರೆಯ ಬದಿ ಕೂತು ಕಪ್ಪೆ ನೋಡಿದವರಿಗೆ ಸಿಕ್ಕಿದ್ದು ಕುಂಬಾರ ಕಪ್ಪೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದನ್ನು ವಿಜ್ಞಾನ ಲೋಕಕ್ಕೆ ಪರಿಚಯಿಸಿದರು. ಆ ಜಾತಿಯ ಗಂಡು ಮುಂಗಾಲಿನಿಂದ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಕಪ್ಪೆಗಳಲ್ಲಿ ಮೊಟ್ಟೆಗೆ ಹೀಗೆ ಮಣ್ಣು ಮೆತ್ತುವುದನ್ನು ಅದಕ್ಕೆ ಮೊದಲು ಯಾರೂ ವರದಿ ಮಾಡಿರಲಿಲ್ಲ. ಎಚ್ಚರಿಕೆಯ ಮಾತೂ ಸೇರಿಸುತ್ತೇನೆ: ಮಂಗನ ಕಾಯಿಲೆಯ ಉಣುಗನ್ನು ಹಿಡಿದು ತರುತ್ತೇನೆಂದು ಯಾರೂ ಒಬ್ಬೊಬ್ಬರೇ ಕಾಡಿಗೆ ಹೋಗಬಾರದು. ಆ ವೈರಾಣುವಿನ ಕೆಲಸ ವಿಶೇಷ ರಕ್ಷಣೆಯ ಪ್ರಯೋಗಾಲಯದಲ್ಲಿ, ತರಬೇತಿ ಪಡೆದವರಿಂದ ಮಾತ್ರ ನಡೆಯಬೇಕಾದದ್ದು. ಅಭಯಾರಣ್ಯದೊಳಗೆ ಯಾವ ಅಧ್ಯಯನಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಇಂಗ್ಲಿಷಿನ ಭಯ ದೊಡ್ಡದು, ಅದನ್ನು ಹಗುರವಾಗಿ ಹೇಳಲಾರೆ. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿದ ಜಾಣ ಹುಡುಗಿ ತರಗತಿಯ ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕೂರುವುದನ್ನು ನೋಡಿದರೆ ಹೊಟ್ಟೆ ಚುರುಕ್ ಎನ್ನುತ್ತದೆ. ಅವಳಿಗೆ ವಿಷಯ ಗೊತ್ತಿರುತ್ತದೆ, ವಾಕ್ಯ ಬರುವುದಿಲ್ಲ. ನಾನು ಹೇಳುವ ದಾರಿ ಇದು: ಓದಿದ್ದನ್ನು ಮೊದಲು ಕನ್ನಡದಲ್ಲಿ ಪಕ್ಕದವರಿಗೆ ವಿವರಿಸಿ, ಚಿತ್ರ ಬರೆಯಿರಿ, ಆಮೇಲೆ ಅದೇ ಚಿತ್ರಕ್ಕೆ ಐದು ಸರಳ ಇಂಗ್ಲಿಷ್ ವಾಕ್ಯ ಬರೆಯಿರಿ. ನೋಟ್ಸು ಬಿಟ್ಟು ದೊಡ್ಡ ಪುಸ್ತಕ ಒಂದನ್ನಾದರೂ ಜೊತೆಗಿಟ್ಟುಕೊಳ್ಳಿ. ಕ್ಯಾಂಪ್‌ಬೆಲ್‌ನ ಜೀವಶಾಸ್ತ್ರ, ಲೆನಿಂಜರ್‌ನ ಜೀವರಸಾಯನ, ಓಡಮ್‌ನ ಪರಿಸರ ವಿಜ್ಞಾನ ಎಲ್ಲ ಗ್ರಂಥಾಲಯಗಳಲ್ಲೂ ಸಿಗುತ್ತವೆ. ಕನ್ನಡದಲ್ಲಿ ಓದುವುದನ್ನೂ ಬಿಡಬೇಡಿ. ಬಿ.ಜಿ.ಎಲ್. ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟ ಸುತ್ತಿದ ಅನುಭವದಿಂದ ಬರೆದ 'ಹಸುರು ಹೊನ್ನು' ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಗಿಡವನ್ನು ಹೆಸರು ಹಿಡಿದು ಗುರುತಿಸುವ ಸಂತೋಷ ಏನೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಗೊತ್ತಿಲ್ಲ.

ಶಂಕರಘಟ್ಟವೊಂದೇ ದಾರಿಯಲ್ಲ. ಮೈಸೂರಿನ ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮಂಗಳೂರಿನ ಕೊಣಾಜೆ, ಬೆಂಗಳೂರಿನ ಜ್ಞಾನಭಾರತಿ, ಇವೆಲ್ಲ ನಮ್ಮ ಮಕ್ಕಳು ಹೋಗಿ ಓದಿದ ಜಾಗಗಳೇ. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ. ಐಐಟಿಗಳಲ್ಲಿ ಎಂ.ಎಸ್ಸಿ.ಗೆ ಜಾಮ್ ಪರೀಕ್ಷೆಯಲ್ಲಿ ಬಯೋಟೆಕ್ನಾಲಜಿ ಪತ್ರಿಕೆ ಬರೆಯಬೇಕು. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ವನ್ಯಜೀವಿ ಮತ್ತು ಸಂರಕ್ಷಣೆಯ ಎಂ.ಎಸ್ಸಿ. ಇದೆ, ಸೀಟು ಬಹಳ ಕಡಿಮೆ, ಆದರೆ ಕಾಡಿನ ಹುಚ್ಚಿರುವವರು ಪ್ರಯತ್ನಿಸದೆ ಬಿಡಬಾರದು. ಈ ಪರೀಕ್ಷೆಗಳ ಅರ್ಜಿಗಳು ನಿಮ್ಮ ಕೊನೆಯ ವರ್ಷದ ನಡುವೆಯೇ ಬಂದು ಹೋಗುತ್ತವೆ. ಫಲಿತಾಂಶ ಬಂದ ಮೇಲೆ ನೋಡೋಣ ಎಂದರೆ ಒಂದು ವರ್ಷ ಹೋದ ಹಾಗೆ.

ಓದು ಮುಗಿದ ಮೇಲಿನ ಬದುಕಿನ ಬಗ್ಗೆ ಸುಳ್ಳು ಭರವಸೆ ಕೊಡುವುದಿಲ್ಲ. ಎಂ.ಎಸ್ಸಿ. ಪ್ರಮಾಣಪತ್ರ ತಾನಾಗಿ ಕೆಲಸ ಕೊಡುವುದಿಲ್ಲ, ಅದರ ಮೇಲೆ ಇನ್ನೊಂದು ಮೆಟ್ಟಿಲು ಬೇಕಾಗುತ್ತದೆ. ಪದವಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಎಂ.ಎಸ್ಸಿ.ಯಲ್ಲಿ ಶೇ. 55 ಅಂಕ (ಮೀಸಲಾತಿಯವರಿಗೆ 50), ಜೊತೆಗೆ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ. ಪಿಯು ಕಾಲೇಜಿಗೆ ಎಂ.ಎಸ್ಸಿ. ಜೊತೆ ಬಿ.ಇಡಿ. ಯಾವ ವಿಷಯದ ಎಂ.ಎಸ್ಸಿ.ಯನ್ನು ಒಪ್ಪುತ್ತಾರೆ ಎಂಬುದನ್ನು ನೇಮಕಾತಿ ಅಧಿಸೂಚನೆಯಲ್ಲಿ ಓದಿಯೇ ನಿರ್ಧರಿಸಿ. ಮೇಷ್ಟ್ರಾಗಲೇಬೇಕೆಂದು ಹೊರಟವರಿಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರವೇ ಸುರಕ್ಷಿತ ಎಂದು ನನ್ನ ಅಭಿಪ್ರಾಯ. ಸಂಶೋಧನೆಗೆ ಹೋಗುವವರಿಗೆ ಸಿಎಸ್‌ಐಆರ್-ಯುಜಿಸಿ ನೆಟ್‌ನ ಜೀವವಿಜ್ಞಾನ ಪತ್ರಿಕೆ ಇದೆ: ಮೂರು ಗಂಟೆ, 200 ಅಂಕ, ಅಣುವಿನಿಂದ ಪರಿಸರದವರೆಗೆ 13 ಘಟಕ. ಬಾಟನಿಯವರೂ ಬಯೋಟೆಕ್‌ನವರೂ ಬರೆಯುವುದು ಅದೇ ಪತ್ರಿಕೆ. ಅದರಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕಿದರೆ 2023ರ ಜನವರಿಯಿಂದ ಜಾರಿಯಲ್ಲಿರುವ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆಗೆ ಹೊರೆಯಾಗದೆ ಪಿಎಚ್.ಡಿ. ಮಾಡುವ ದಾರಿ ಇದು. ಮೊದಲ ಸೆಮಿಸ್ಟರಿನಿಂದಲೇ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತ ಬನ್ನಿ. ಕಂಪನಿಗಳ ಕೆಲಸ ಬೇಕೆಂದರೆ ಬೆಂಗಳೂರಿನ ಔಷಧ ಕಾರ್ಖಾನೆಗಳ ಗುಣಮಟ್ಟ ವಿಭಾಗ, ನಮಗೆ ಹತ್ತಿರದ ರಾಣೆಬೆನ್ನೂರಿನ ಬೀಜದ ಕಂಪನಿಗಳು ಇವೆ. ಅಲ್ಲಿ ಕೇಳುವುದು ಅಂಕಕ್ಕಿಂತ ಹೆಚ್ಚಾಗಿ ಯಾವ ಉಪಕರಣ ಕೈಯಲ್ಲಿ ನಡೆಸಿದ್ದೀರಿ ಎಂಬುದನ್ನು.

ಕೊನೆಗೆ ಖರ್ಚು, ಕಾಗದಪತ್ರ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶದ ಅರ್ಜಿ ಈಗ ಬಹುಪಾಲು ಯುಯುಸಿಎಂಎಸ್ ಜಾಲತಾಣದಲ್ಲಿ. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನಾಡಕಚೇರಿಯಲ್ಲಿ ಈಗಲೇ ಹೊಸದು ಮಾಡಿಸಿ. ಗ್ರಾಮೀಣ, ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನು ಓದಿದ ಶಾಲೆಯಿಂದ ತಂದಿಟ್ಟುಕೊಳ್ಳಿ, ಮುಂದೆ ನೇಮಕಾತಿಗೂ ಬೇಕಾಗುತ್ತವೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಜಾಲತಾಣ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಪ್ರವೇಶದ ದಿನವೇ ಅರ್ಜಿ ಹಾಕಿ. ಶಿಕಾರಿಪುರ, ಸೊರಬದ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲೇ ಇರುವುದರಿಂದ ಶಂಕರಘಟ್ಟಕ್ಕೆ ಹೋಗುವವರಿಗೆ ವಲಸೆ ಪ್ರಮಾಣಪತ್ರದ ಓಡಾಟವಿಲ್ಲ. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಅದು ಬೇಕು. ಸಾಧ್ಯವಾದರೆ ಅರ್ಜಿ ಹಾಕುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ ಶಂಕರಘಟ್ಟಕ್ಕೆ ಹೋಗಿ ಬನ್ನಿ. ಆಫೀಸಿನಲ್ಲಿ ಫೀಸು ವಿಚಾರಿಸಿ, ಆಮೇಲೆ ನಿಮ್ಮ ಮನಸ್ಸಿನಲ್ಲಿರುವ ವಿಭಾಗಕ್ಕೆ ಹೋಗಿ ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ಮಾತಾಡಿಸಿ. ಲ್ಯಾಬಿನಲ್ಲಿ ಸೂಕ್ಷ್ಮದರ್ಶಕ, ಪಿಸಿಆರ್ ಯಂತ್ರಗಳನ್ನು ವಿದ್ಯಾರ್ಥಿಗಳ ಕೈಗೇ ಕೊಡುತ್ತಾರೆಯೇ, ಫೀಲ್ಡಿಗೆ ಕರೆದುಕೊಂಡು ಹೋಗುತ್ತಾರೆಯೇ, ಹೋದ ವರ್ಷದ ಪ್ರಾಜೆಕ್ಟುಗಳು ಯಾವುವು, ಮುಗಿಸಿದವರು ಈಗ ಎಲ್ಲಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳಿ. ಮನೆಯಿಂದ ಅಪ್ಪನೋ ಅಮ್ಮನೋ ಜೊತೆಗೆ ಬರುತ್ತೇನೆಂದರೆ ಕರೆದುಕೊಂಡು ಹೋಗಿ, ಹಾಸ್ಟೆಲನ್ನೂ ತೋರಿಸಿ.